ಓದಲು ಕಲಿಯುವ ಮಿದುಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಮಕ್ಕಳ ಓದಿನ ತೊಂದರೆಯ ಕುರಿತ ಲೇಖನದಲ್ಲಿ, ಅಕ್ಷರವನ್ನೂ ಧ್ವನಿಯನ್ನೂ ಬೆಸೆಯುವಲ್ಲಿ ಮಿದುಳಿಗೆ ಎದುರಾಗುವ ತೊಡಕೇ ಡಿಸ್ಲೆಕ್ಸಿಯಾದ ಮುಖ್ಯ ಲಕ್ಷಣವೆಂದು ವಿವರಿಸಲಾಗಿತ್ತು. ಅದನ್ನು ಓದಿದ ತಾಯ್ತಂದೆಯರೂ ಶಿಕ್ಷಕರೂ ಅನೇಕ ಪತ್ರಗಳನ್ನು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಮಕ್ಕಳ ಹಿತದೃಷ್ಟಿಯಿಂದ ಪತ್ರ ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಮೂರನೇ ತರಗತಿಯಲ್ಲಿರುವ ನನ್ನ ಮಗ, ಒಮ್ಮೆ ಕೇಳಿದ ಕಥೆಯನ್ನು ಏನೂ ಬಿಡದೆ ತಿರುಗಿ ಹೇಳುತ್ತಾನೆ. ಬಾಯಿಲೆಕ್ಕದಲ್ಲೂ ಚುರುಕು. ಆದರೆ ಪುಸ್ತಕ ತೆರೆದರೆ ಪ್ರತಿ ಸಾಲಿನಲ್ಲೂ ತಡವರಿಸುತ್ತಾನೆ, ಪದದ ಮೊದಲಕ್ಷರ ನೋಡಿ ಉಳಿದುದನ್ನು ಊಹಿಸುತ್ತಾನೆ. ಮನಸ್ಸಿಟ್ಟು ಓದುವುದಿಲ್ಲವೆಂದು ಶಾಲೆಯಲ್ಲಿ ದೂರು ಹೇಳುತ್ತಾರೆ. ಇದು ಡಿಸ್ಲೆಕ್ಸಿಯಾ ಇರಬಹುದೇ? ಮಿದುಳಿನ ಸ್ಕ್ಯಾನ್ ಮಾಡಿಸಿದರೆ ಖಚಿತವಾಗುತ್ತದೆಯೇ?

ಉತ್ತರ: ನಿಮ್ಮ ಮಗನಂಥ ಮಕ್ಕಳ ವರ್ಣನೆ ವೈದ್ಯಕೀಯ ಬರವಣಿಗೆಯಲ್ಲಿ ನೂರಿಪ್ಪತ್ತು ವರ್ಷಕ್ಕೂ ಹಿಂದಿನಿಂದ ಇದೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಅಂಕಿಗಳನ್ನು ಸಲೀಸಾಗಿ ಓದುತ್ತಿದ್ದ. ಆದರೆ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡ ಮೇಲೂ ಚಿಕ್ಕಪುಟ್ಟ ಪದಗಳನ್ನು ಬಿಟ್ಟರೆ ಏನನ್ನೂ ಓದಲಾರದವನಾಗಿದ್ದ, ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದು, ತಪ್ಪಾಗಿದೆಯೆಂಬುದೂ ತಿಳಿಯದೆ ಸುಮ್ಮನಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದನೆಂದು ಅವನ ಶಿಕ್ಷಕರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾರೆ. ಆ ಶಿಕ್ಷಕರು ಅಂದು ಗುರುತಿಸಿದ್ದನ್ನು ಇಂದಿಗೂ ಎಷ್ಟೋ ತರಗತಿಗಳಲ್ಲಿ ಯಾರೂ ಗುರುತಿಸುವುದಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಊಹಿಸಿ ಓದುವ ಮಗು ಮನಸ್ಸಿಡುವುದಿಲ್ಲವೆಂದು ತಿಳಿಯಬೇಡಿ. ಓದು ಬಾರದ ಮಗು ಒಂದು ಸಾಲಿಗೆ ಹಾಕುವ ಶ್ರಮ, ಸರಾಗವಾಗಿ ಓದುವ ಮಗು ಒಂದು ಪುಟಕ್ಕೆ ಹಾಕುವ ಶ್ರಮಕ್ಕಿಂತ ಹೆಚ್ಚಿರಬಹುದು. ‘ಹಕ್ಕಿ ಕೊಂಬೆಯ ಮೇಲೆ ಕುಳಿತಿದೆ’ ಎಂಬ ಸಾಲಿನ ಪಕ್ಕದಲ್ಲಿ ಚಿತ್ರವಿದ್ದರೆ, ಅಂಥ ಮಗು ‘ಹಕ್ಕಿ ಮರದ ಮೇಲೆ ಕೂತಿದೆ’ ಎಂದು ಓದಿ ಮುಂದೆ ಸಾಗಬಹುದು. ಅರ್ಥ ಕೆಡದಿರುವುದರಿಂದ ಕೇಳುವವರಿಗೆ ತಪ್ಪು ಗೊತ್ತಾಗುವುದಿಲ್ಲ. ಅದೇ ಮಗುವಿನ ಮುಂದೆ ‘ಬಿತೋಕು’, ‘ಗಮ್ಮೇಲಿ’, ‘ತಸ್ಕೂನ’ ಎಂದು ಅರ್ಥವೇ ಇಲ್ಲದ ಪದಗಳನ್ನು ಬರೆದಿಟ್ಟು ನೋಡಿ. ಚಿತ್ರದ ಆಸರೆಯಿಲ್ಲ, ಸಂದರ್ಭದ ಆಸರೆಯಿಲ್ಲ, ಬಾಯಿಪಾಠದ ಆಸರೆಯೂ ಇಲ್ಲ. ಅಕ್ಷರದಿಂದ ಧ್ವನಿಗೆ ಹೋಗುವ ದಾರಿ ಎಷ್ಟು ಗಟ್ಟಿಯಾಗಿದೆ ಎಂಬುದೊಂದೇ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ತಜ್ಞರು ನಡೆಸುವ ಮೌಲ್ಯಮಾಪನದಲ್ಲಿ ಇಂಥ ಪದಗಳ ಪಟ್ಟಿ ಇದ್ದೇ ಇರುತ್ತದೆ.

ಓದಿನ ತೊಂದರೆಗಳೆಲ್ಲವೂ ಡಿಸ್ಲೆಕ್ಸಿಯಾ ಅಲ್ಲವೆಂಬುದನ್ನೂ ಇಲ್ಲೇ ಹೇಳಬೇಕು. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಎರಡು ಶಕ್ತಿಗಳ ಗುಣಲಬ್ಧ: ಬರೆದುದನ್ನು ಪದವಾಗಿ ಬಿಡಿಸಿ ಓದುವುದು ಒಂದು, ಆಡಿದ ಮಾತನ್ನು ಅರ್ಥಮಾಡಿಕೊಳ್ಳುವುದು ಇನ್ನೊಂದು. ಗುಣಾಕಾರವಾದ್ದರಿಂದ ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ನಿಮ್ಮ ಮಗನಿಗೆ ಎರಡನೆಯದು ಚೆನ್ನಾಗಿದೆ, ಮೊದಲನೆಯದರಲ್ಲಿ ತೊಡಕಿದೆ ಎಂದು ನಿಮ್ಮ ಪತ್ರದಿಂದ ತೋರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಪುಟಗಟ್ಟಲೆ ತಪ್ಪಿಲ್ಲದೆ ಓದಿಯೂ ಏನು ಓದಿದೆನೆಂದು ಹೇಳಲಾರದ ಮಕ್ಕಳಿದ್ದಾರೆ. ಅವರಿಗೆ ಬೇಕಾದ ನೆರವೇ ಬೇರೆ. ಆದ್ದರಿಂದ ದೃಷ್ಟಿ ಮತ್ತು ಶ್ರವಣದ ತಪಾಸಣೆ ಮಾಡಿಸಿದ ಬಳಿಕ, ಓದಿನ ನಿಖರತೆ, ವೇಗ, ಬರವಣಿಗೆ, ಮಾತಿನ ಗ್ರಹಿಕೆ, ಏಕಾಗ್ರತೆ ಇವನ್ನೆಲ್ಲ ಬಿಡಿಬಿಡಿಯಾಗಿ ಪರೀಕ್ಷಿಸುವ ಮನಃಶಾಸ್ತ್ರಜ್ಞರನ್ನೋ ವಿಶೇಷ ಶಿಕ್ಷಕರನ್ನೋ ಕಾಣಿರಿ.

ಸ್ಕ್ಯಾನ್ ಬೇಡ. ಡಿಸ್ಲೆಕ್ಸಿಯಾ ಇರುವ ಮಕ್ಕಳ ಗುಂಪನ್ನೂ ಇಲ್ಲದ ಮಕ್ಕಳ ಗುಂಪನ್ನೂ ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿದಾಗ ಸರಾಸರಿಯಲ್ಲಿ ವ್ಯತ್ಯಾಸ ಕಾಣುತ್ತದೆ, ನಿಜ. ಆದರೆ ಎರಡೂ ಗುಂಪಿನ ಮಕ್ಕಳು ಒಬ್ಬರೊಬ್ಬರೊಡನೆ ಎಷ್ಟು ಬೆರೆತುಹೋಗಿರುತ್ತಾರೆಂದರೆ, ಒಂದು ಮಗುವಿನ ಚಿತ್ರವನ್ನಷ್ಟೇ ನೋಡಿ ತೀರ್ಪು ಹೇಳುವುದು ಸಾಧ್ಯವಿಲ್ಲ. ಓದಿನ ಸಾಮರ್ಥ್ಯ ರಕ್ತದೊತ್ತಡದ ಹಾಗೆ ಹೆಚ್ಚುಕಡಿಮೆಯಾಗಿ ಎಲ್ಲರಲ್ಲೂ ಹರಡಿಕೊಂಡಿರುವಂಥದ್ದು. ಎಲ್ಲಿ ಗೆರೆ ಎಳೆಯಬೇಕೆಂಬುದು ನಮ್ಮ ತೀರ್ಮಾನ. ಮಕ್ಕಳಲ್ಲಿ ಶೇ. 5ರಿಂದ 10ರಷ್ಟು ಮಂದಿಗೆ ಡಿಸ್ಲೆಕ್ಸಿಯಾ ಇದೆ ಎಂಬ ಸಾಮಾನ್ಯ ಅಂದಾಜು ಕೂಡ ಆ ಗೆರೆಯನ್ನೇ ಅವಲಂಬಿಸಿದೆ.

ಪ್ರಶ್ನೆ: ಓದಿಗೆಂದೇ ಮಿದುಳಿನಲ್ಲಿ ಒಂದು ಜಾಗವಿದೆಯೇ? ಹಾಗಿದ್ದರೆ ಅಕ್ಷರ ಕಲಿಯದವರಲ್ಲಿ ಆ ಜಾಗ ಏನು ಮಾಡುತ್ತಿರುತ್ತದೆ? ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ.

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಓದಿನ ಕುರಿತ ನರವಿಜ್ಞಾನದ ತಿರುಳೇ ಇದರಲ್ಲಿದೆ. ಬರವಣಿಗೆ ಹುಟ್ಟಿ ಸುಮಾರು 5000 ವರ್ಷಗಳಾದವು, ಜನಸಾಮಾನ್ಯರೆಲ್ಲ ಓದತೊಡಗಿದ್ದು ತೀರ ಈಚೆಗೆ. ಅಷ್ಟು ಕಡಿಮೆ ಅವಧಿಯಲ್ಲಿ ಓದಿಗಾಗಿಯೇ ಮಿದುಳಿನ ಒಂದು ಭಾಗ ವಿಕಾಸಗೊಳ್ಳುವುದು ಸಾಧ್ಯವಿಲ್ಲ. ಮಾತು ಮಗುವಿಗೆ ಸುತ್ತಲಿನವರನ್ನು ಕೇಳುತ್ತ ಕೇಳುತ್ತ ಬರುತ್ತದೆ. ಓದನ್ನು ಯಾರಾದರೂ ಕಲಿಸಲೇಬೇಕು.

ಆದರೂ ಓದುವವರ ಮಿದುಳಿನಲ್ಲಿ ಅದಕ್ಕೊಂದು ಜಾಗ ಇರುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದ ಕೊನೆಗೇ ಗೊತ್ತಾಗಿತ್ತು. ಫ್ರಾನ್ಸಿನ ನರವೈದ್ಯ ಜೂಲ್ಸ್ ಡೆಜೆರಿನ್ ಅವರು 1892ರಲ್ಲಿ ವರದಿ ಮಾಡಿದ ರೋಗಿಯೊಬ್ಬರು, ಪಾರ್ಶ್ವವಾಯುವಿನಂಥ ಆಘಾತದ ನಂತರ ಇದ್ದಕ್ಕಿದ್ದಂತೆ ಓದುವ ಶಕ್ತಿಯನ್ನು ಕಳೆದುಕೊಂಡರು. ಮಾತು ಸರಿಯಿತ್ತು, ಎದುರಿಗಿದ್ದ ವಸ್ತುಗಳನ್ನೂ ಜನರನ್ನೂ ಗುರುತಿಸುತ್ತಿದ್ದರು, ಹೇಳಿದ್ದನ್ನು ಸರಿಯಾಗಿ ಬರೆಯುತ್ತಿದ್ದರು. ಬರೆದು ಮುಗಿಸಿದ ಮೇಲೆ ತಾವೇ ಬರೆದುದನ್ನು ಓದಲಾರದೆ ಹೋಗುತ್ತಿದ್ದರು. ಅಕ್ಷರದ ರೇಖೆಯ ಮೇಲೆ ಬೆರಳಾಡಿಸಿದರೆ ಮಾತ್ರ ಅದು ಯಾವ ಅಕ್ಷರವೆಂದು ತಿಳಿಯುತ್ತಿತ್ತು. ಅವರು ತೀರಿಕೊಂಡ ಬಳಿಕ ಪರೀಕ್ಷಿಸಿದಾಗ ಮಿದುಳಿನ ಎಡಭಾಗದ ಹಿಂಬದಿಯಲ್ಲಿ ಹಾನಿ ಕಂಡುಬಂತು. ಇಂದು ಅದರ ಸಮೀಪದ ಒಂದು ಪ್ರದೇಶವನ್ನು ಸಂಶೋಧಕರು ಪದರೂಪ ಗುರುತಿಸುವ ನೆಲೆಯೆಂದು ಕರೆಯುತ್ತಾರೆ. ಯಾವ ಲಿಪಿಯನ್ನು ಕಲಿತವರಲ್ಲೂ ಅದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುತ್ತದೆ.

ಅಕ್ಷರ ಕಲಿಯದವರಲ್ಲಿ ಆ ಜಾಗ ಖಾಲಿ ಕುಳಿತಿರುವುದಿಲ್ಲ. ಮುಖಗಳನ್ನೂ ವಸ್ತುಗಳನ್ನೂ ಗುರುತಿಸುವ ಕೆಲಸದಲ್ಲಿ ತೊಡಗಿರುತ್ತದೆ. ಸ್ಟಾನಿಸ್ಲಾಸ್ ಡಹೇನ್ ಮತ್ತು ಸಂಗಡಿಗರು ಬ್ರೆಜಿಲ್ ಮತ್ತು ಪೋರ್ಚುಗಲ್‌ನ 63 ವಯಸ್ಕರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಮುಖ್ಯವಾದುದು. ಅವರಲ್ಲಿ ಕೆಲವರು ನಿರಕ್ಷರಿಗಳು, ಕೆಲವರು ಬಾಲ್ಯದಲ್ಲೇ ಓದು ಕಲಿತವರು, ಇನ್ನು ಕೆಲವರು ದೊಡ್ಡವರಾದ ಮೇಲೆ ಕಲಿತವರು. ಓದು ಚೆನ್ನಾಗಿ ಬಂದಷ್ಟೂ ಆ ಎಡಭಾಗದ ನೆಲೆ ಅಕ್ಷರಗಳಿಗೆ ಹೆಚ್ಚು ಸ್ಪಂದಿಸುತ್ತಿತ್ತು. ಅಷ್ಟೇ ಅಲ್ಲ, ಓದು ಕಲಿತವರಲ್ಲಿ ಆಡುವ ಮಾತಿನ ಧ್ವನಿಗಳನ್ನು ಸಂಸ್ಕರಿಸುವ ಭಾಗಗಳ ಸ್ಪಂದನವೂ ಬದಲಾಗಿತ್ತು. ಅಂದರೆ ನೀವು ತರಗತಿಯಲ್ಲಿ ಅಕ್ಷರ ಕಲಿಸುವಾಗ, ಮಗುವಿನ ಕಣ್ಣು ಮತ್ತು ಕಿವಿಗಳ ಹಿಂದಿರುವ ಮಿದುಳನ್ನೇ ಮರುಜೋಡಿಸುತ್ತಿರುತ್ತೀರಿ. ಶಿಕ್ಷಕ ವೃತ್ತಿಯ ಬಗ್ಗೆ ಇದಕ್ಕಿಂತ ಗೌರವದ ಮಾತು ನರವಿಜ್ಞಾನದಲ್ಲಿ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಡಿಸ್ಲೆಕ್ಸಿಯಾ ಇರುವವರಲ್ಲಿ ಈ ನೆಲೆಯೂ, ಅದಕ್ಕಿಂತ ಮೇಲೆ ಕಿವಿಯ ಹಿಂಬದಿಗೆ ಬರುವ, ಅಕ್ಷರವನ್ನು ಧ್ವನಿಗೆ ಜೋಡಿಸುವ ಪ್ರದೇಶವೂ ಓದುವಾಗ ಕಡಿಮೆ ಚುರುಕಾಗಿರುತ್ತವೆ. ಮೂಲ ತೊಡಕು ಬಹುತೇಕ ಮಕ್ಕಳಲ್ಲಿ ಧ್ವನಿಯ ಕಡೆಗಿದೆ. ‘ಕಾಲು’ ಎಂಬ ಪದದ ಮೊದಲಿನ ‘ಕ್’ ತೆಗೆದು ಅಲ್ಲಿ ‘ಹ್’ ಇಟ್ಟರೆ ಏನಾಗುತ್ತದೆ ಎಂದು ಕೇಳಿದರೆ ಅವರಿಗೆ ‘ಹಾಲು’ ಸುಲಭವಾಗಿ ಹೊಳೆಯುವುದಿಲ್ಲ. 1983ರಲ್ಲಿ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಾಂಟ್ ಅವರು, ನಾಲ್ಕೈದು ವರ್ಷದ ಮಕ್ಕಳು ಇಂಥ ಧ್ವನಿಯ ಆಟಗಳಲ್ಲಿ ತೋರಿದ ಸಾಮರ್ಥ್ಯಕ್ಕೂ ಮುಂದೆ ಅವರು ಓದಿದ ಬಗೆಗೂ ನಂಟಿರುವುದನ್ನು ತೋರಿಸಿದರು. ಧ್ವನಿಯಲ್ಲಿ ಹಿಂದಿದ್ದ ಮಕ್ಕಳಿಗೆ ಎರಡು ವರ್ಷ ತರಬೇತಿ ಕೊಟ್ಟಾಗ, ಧ್ವನಿಯ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಯಲ್ಲಿ ಹಿಡಿದು ಕಲಿತ ಗುಂಪು ಎಲ್ಲರಿಗಿಂತ ಮುಂದೆ ಹೋಯಿತು. ಬರಿಯ ಧ್ವನಿಯ ಆಟಗಳಲ್ಲೇ ಉಳಿಯದೆ ಬೇಗ ಅಕ್ಷರಗಳನ್ನೂ ಸೇರಿಸಬೇಕೆಂಬ ಪಾಠ ಅಲ್ಲಿಂದ ಬಂದದ್ದು, ಅದು ಈಗಲೂ ಗಟ್ಟಿಯಾಗಿ ನಿಂತಿದೆ.

ಪ್ರಶ್ನೆ: ನಮ್ಮ ಮಗಳು ಕನ್ನಡವನ್ನು ನಿಧಾನವಾಗಿಯಾದರೂ ತಪ್ಪಿಲ್ಲದೆ ಓದುತ್ತಾಳೆ, ಇಂಗ್ಲಿಷ್ ಎಂದರೆ ಅಳುತ್ತಾಳೆ. ಒಂದು ಭಾಷೆಯಲ್ಲಿ ಡಿಸ್ಲೆಕ್ಸಿಯಾ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಧ್ಯವೇ?

ಉತ್ತರ: ತೊಡಕು ಮಗುವಿನಲ್ಲಿರುತ್ತದೆ, ಅದು ಹೊರಗೆ ಕಾಣುವ ಬಗೆಯನ್ನು ಲಿಪಿ ನಿರ್ಧರಿಸುತ್ತದೆ. 2001ರಲ್ಲಿ ಎರಾಲ್ಡೊ ಪೌಲೆಸು ಮತ್ತು ಸಂಗಡಿಗರು ಇಂಗ್ಲಿಷ್, ಫ್ರೆಂಚ್ ಮತ್ತು ಇಟಾಲಿಯನ್ ಮಾತಾಡುವ, ಡಿಸ್ಲೆಕ್ಸಿಯಾ ಇದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದರು. ಬರೆದಂತೆ ಓದುವ ಭಾಷೆಯಾದ ಇಟಾಲಿಯನ್ನಿನ ವಿದ್ಯಾರ್ಥಿಗಳು ಉಳಿದವರಿಗಿಂತ ಬಹಳ ಕಡಿಮೆ ತಪ್ಪು ಮಾಡಿದರು. ಆದರೆ ಓದುವಾಗ ಮಿದುಳಿನ ಎಡಭಾಗದ ಒಂದೇ ಪ್ರದೇಶದಲ್ಲಿ ಮೂರೂ ಗುಂಪಿನವರ ಚಟುವಟಿಕೆ ಕಡಿಮೆಯಿತ್ತು. ಚೀನೀ ಬರಹದಲ್ಲಿ ಚಿತ್ರ ಸ್ವಲ್ಪ ಬೇರೆ. 2004ರ ಒಂದು ಅಧ್ಯಯನ ಅಲ್ಲಿನ ಮಕ್ಕಳಲ್ಲಿ ಮಿದುಳಿನ ಎಡ ಮುಂಭಾಗದ ಪ್ರದೇಶವನ್ನು ಎತ್ತಿ ತೋರಿಸಿತು.

ಇಂಗ್ಲಿಷ್ ಎಲ್ಲ ಮಕ್ಕಳಿಗೂ ಕಷ್ಟವೇ. ಫಿಲಿಪ್ ಸೈಮೋರ್ ಮತ್ತು ಇತರರು ಯುರೋಪಿನ ಹದಿಮೂರು ಬರಹಪದ್ಧತಿಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುತೇಕ ಭಾಷೆಗಳ ಮಕ್ಕಳು ಮೊದಲ ವರ್ಷ ಮುಗಿಯುವಷ್ಟರಲ್ಲಿ ಪರಿಚಿತ ಪದಗಳಲ್ಲಿ ಹೆಚ್ಚಿನವನ್ನು ಸರಿಯಾಗಿ ಓದುತ್ತಿದ್ದರೆ, ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳು ಸುಮಾರು ಮೂರನೇ ಒಂದು ಪಾಲನ್ನಷ್ಟೇ ಓದುತ್ತಿದ್ದರು.

ಕನ್ನಡದ ವಿಷಯಕ್ಕೆ ಬಂದರೆ, ಕಾಗುಣಿತವನ್ನು ಲೆಕ್ಕ ಹಾಕಿದರೆ 400ಕ್ಕೂ ಹೆಚ್ಚು ಅಕ್ಷರರೂಪಗಳಾಗುತ್ತವೆ, ಒತ್ತಕ್ಷರಗಳು ಅದರ ಮೇಲೆ. ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧ ನಂಬಿಗಸ್ತವಾದದ್ದು, ಆದರೆ ಕಲಿಯಬೇಕಾದ ಆಕಾರಗಳ ರಾಶಿ ದೊಡ್ಡದು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಜ್ಞಾನ ಪೂರ್ತಿಯಾಗಲು ನಾಲ್ಕನೇ ತರಗತಿಯವರೆಗೂ, ಕೆಲವೊಮ್ಮೆ ಅದಕ್ಕೂ ಮುಂದೆ ಕಾಲ ಹಿಡಿಯುತ್ತದೆ ಎಂದು ತೋರಿಸಿದೆ. ಪೂರ್ತಿ ಅಕ್ಷರದ ಮಟ್ಟದ ಧ್ವನಿಯ ಅರಿವು ಮಕ್ಕಳಿಗೆ ಬೇಗ ಬರುತ್ತದೆ; ಒಂದು ಅಕ್ಷರದೊಳಗಿನ ವ್ಯಂಜನ ಸ್ವರಗಳನ್ನು ಬಿಡಿಸುವ ಅರಿವು ನಿಧಾನವಾಗಿ ಬರುತ್ತದೆ. ಹಾಗಾಗಿ ಕನ್ನಡದಲ್ಲಿ ತೊಡಕಿರುವ ಮಗು ಹೆಚ್ಚು ತಪ್ಪು ಮಾಡದಿರಬಹುದು. ನಿಧಾನವೇ ಅದರ ಮುಖ್ಯ ಲಕ್ಷಣವಾಗಿರಬಹುದು. ನಿಮ್ಮ ಮಗಳು ಕನ್ನಡವನ್ನು ‘ನಿಧಾನವಾಗಿಯಾದರೂ’ ಓದುತ್ತಾಳೆ ಎಂದು ಬರೆದಿದ್ದೀರಲ್ಲವೇ, ಅಲ್ಲಿಗೇ ಗಮನ ಕೊಡಿ. ಅವಳ ಓರಗೆಯ ಮಕ್ಕಳು ಅದೇ ಪುಟವನ್ನು ಎಷ್ಟು ಹೊತ್ತಿನಲ್ಲಿ ಓದುತ್ತಾರೆ, ‘ಕೈ’ ‘ಕೌ’ಗಳಲ್ಲಿ, ‘ಸ್ತ್ರ’ ‘ರ್ಥ್ಯ’ಗಳಂಥ ಕೂಡಿಕೆಗಳಲ್ಲಿ ಅವಳು ನಿಲ್ಲುತ್ತಾಳೆಯೇ ಎಂದು ನೋಡಿ. ಕನ್ನಡದಲ್ಲಿ ವೇಗವೂ ಸರಿಯಿದ್ದರೆ, ಇಂಗ್ಲಿಷಿನ ಕಷ್ಟಕ್ಕೆ ಆ ಭಾಷೆಯ ಮಾತನ್ನು ಸಾಕಷ್ಟು ಕೇಳದೆ ನೇರವಾಗಿ ಓದಿಗೆ ಇಳಿದದ್ದು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಎರಡು ಭಾಷೆ ಕಲಿಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ.

ಪ್ರಶ್ನೆ: ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಡಿಸ್ಲೆಕ್ಸಿಯಾದ ಗುರುತಲ್ಲವೇ? ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಗುಣವಾಗುತ್ತದೆಯೆಂಬ ಜಾಹೀರಾತು ನೋಡಿದೆ.

ಉತ್ತರ: ಆರು ವರ್ಷದೊಳಗಿನ ಬಹುತೇಕ ಎಲ್ಲ ಮಕ್ಕಳೂ ಅಕ್ಷರಗಳನ್ನು ಒಮ್ಮೊಮ್ಮೆ ತಿರುಗಿಸಿ ಬರೆಯುತ್ತಾರೆ. ಇದಕ್ಕೆ ಒಳ್ಳೆಯ ಕಾರಣವೇ ಇದೆ: ಎಡಕ್ಕೆ ಮುಖ ಮಾಡಿದ ಪ್ರಾಣಿಯೂ ಬಲಕ್ಕೆ ಮುಖ ಮಾಡಿದ ಪ್ರಾಣಿಯೂ ಒಂದೇ ಎಂದು ಗುರುತಿಸುವುದು ನಮ್ಮ ದೃಷ್ಟಿವ್ಯವಸ್ಥೆಯ ಹುಟ್ಟುಗುಣ. ಇಂಗ್ಲಿಷಿನ ಚಿಕ್ಕಕ್ಷರಗಳಾದ ‘ಬಿ’ ಮತ್ತು ‘ಡಿ’ಗಳಲ್ಲಿ ಆ ಗುಣವೇ ಅಡ್ಡಿಯಾಗುವುದರಿಂದ ಮಗು ಅದನ್ನು ಅಕ್ಷರಗಳ ಮಟ್ಟಿಗೆ ಬಿಡಲು ಕಲಿಯಬೇಕಾಗುತ್ತದೆ. ಓದು ನಿಧಾನವಾಗಿ ಬರುವ ಮಕ್ಕಳಲ್ಲಿ ಈ ಬಿಡುವಿಕೆಯೂ ನಿಧಾನವಾಗುತ್ತದೆ, ಅಷ್ಟೆ.

ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರವೈದ್ಯರ ಸಂಘಟನೆಗಳು 2009ರಲ್ಲೇ ಜಂಟಿ ಹೇಳಿಕೆ ನೀಡಿವೆ. 2013ರಲ್ಲಿ ಗಿನಿವೀರ್ ಈಡನ್ ಅವರ ತಂಡ ನಡೆಸಿದ ಸಂಶೋಧನೆಯೊಂದು ಇಲ್ಲಿ ಕಣ್ಣು ತೆರೆಸುವಂತಿದೆ. ಚಲನೆಯನ್ನು ಗ್ರಹಿಸುವ ಮಿದುಳಿನ ಭಾಗ ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಮಂದವಾಗಿರುವುದನ್ನು ಕಂಡು, ಅದೇ ಕಾರಣವಿರಬೇಕೆಂದು ಅನೇಕರು ನಂಬಿದ್ದರು. ಈ ತಂಡ ಡಿಸ್ಲೆಕ್ಸಿಯಾ ಇರುವ ಮಕ್ಕಳನ್ನು ಸಮವಯಸ್ಕರ ಬದಲು, ಅಷ್ಟೇ ಮಟ್ಟದಲ್ಲಿ ಓದುವ ಚಿಕ್ಕ ಮಕ್ಕಳೊಡನೆ ಹೋಲಿಸಿತು. ವ್ಯತ್ಯಾಸ ಮಾಯವಾಯಿತು. ಧ್ವನಿ ಆಧಾರಿತ ಓದಿನ ತರಬೇತಿ ಕೊಟ್ಟ ಮೇಲೆ ಆ ಭಾಗದ ಚಟುವಟಿಕೆಯೂ ಹೆಚ್ಚಿತು. ಕಾರಣವೆಂದುಕೊಂಡದ್ದು ಕಡಿಮೆ ಓದಿದ್ದರ ಪರಿಣಾಮವಾಗಿತ್ತು. ಜಾಹೀರಾತಿನ ಇಂಥ ಉಪಾಯಗಳಿಗೆ ಹಾಕುವ ಹಣವನ್ನೂ ಸಮಯವನ್ನೂ ಓದು ಕಲಿಸುವವರಿಗೆ ಕೊಡಿ.

ಪ್ರಶ್ನೆ: ‘ಇನ್ನೂ ಚಿಕ್ಕವನು, ಎರಡು ವರ್ಷ ಕಾಯೋಣ, ತಾನಾಗಿಯೇ ಸರಿಹೋಗುತ್ತದೆ’ ಎನ್ನುತ್ತಾರೆ. ಮಗನಿಗೆ ಆರು ವರ್ಷ. ಕಾಯಬಹುದೇ?

ಉತ್ತರ: ದಯವಿಟ್ಟು ಕಾಯಬೇಡಿ. ನೆರವು ಹೆಚ್ಚು ಫಲ ಕೊಡುವುದು ಮೊದಲ ಒಂದೆರಡು ತರಗತಿಗಳಲ್ಲಿ. ಆದರೆ ಮಗು ಪದೇ ಪದೇ ಸೋತ ಮೇಲೆ, ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ ನಾವು ಗುರುತಿಸುತ್ತೇವೆ. ಅಷ್ಟರಲ್ಲಿ ತಾನು ದಡ್ಡನೆಂದು ಅವನು ನಂಬಿಬಿಟ್ಟಿರುತ್ತಾನೆ, ಆ ನಂಬಿಕೆಯನ್ನು ಕೀಳುವುದು ಓದು ಕಲಿಸುವುದಕ್ಕಿಂತ ಕಷ್ಟ. ಫಿನ್ಲೆಂಡಿನ ಯುವಾಸ್ಕುಲಾದಲ್ಲಿ ಸಂಶೋಧಕರು ಡಿಸ್ಲೆಕ್ಸಿಯಾ ಇರುವ ಕುಟುಂಬಗಳ ಸುಮಾರು ನೂರು ಶಿಶುಗಳನ್ನೂ ಅಷ್ಟೇ ಸಂಖ್ಯೆಯ ಇತರ ಶಿಶುಗಳನ್ನೂ ಹುಟ್ಟಿನಿಂದ ಹಿಂಬಾಲಿಸಿ, ಮಾತಿನ ಧ್ವನಿಗಳಿಗೆ ಮಿದುಳು ಸ್ಪಂದಿಸುವ ರೀತಿಯಲ್ಲಿ ಶೈಶವದಲ್ಲೇ ವ್ಯತ್ಯಾಸವಿರುವುದನ್ನು ಕಂಡರು. ಹಾಗೆಂದು ಶಿಶುಗಳ ಮಿದುಳು ಪರೀಕ್ಷೆ ಬೇಕಿಲ್ಲ. ಅಕ್ಷರಗಳ ಹೆಸರು ಮತ್ತು ಧ್ವನಿ ಎಷ್ಟು ಗೊತ್ತು, ಪ್ರಾಸದ ಪದ ಹೇಳಬಲ್ಲನೇ, ಸಾಲಾಗಿಟ್ಟ ಚಿತ್ರಗಳನ್ನು ಎಷ್ಟು ಬೇಗ ಹೆಸರಿಸುತ್ತಾನೆ, ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ತೊಂದರೆಯಿತ್ತೇ, ಈ ಪ್ರಶ್ನೆಗಳಿಂದಲೇ ಬಹಳಷ್ಟು ತಿಳಿಯುತ್ತದೆ. ನೆರವು ಕೊಟ್ಟ ಮೇಲೆ ತೊಂದರೆ ಇರಲೇ ಇಲ್ಲವೆಂದು ಗೊತ್ತಾದರೂ ಮಗು ಕಳೆದುಕೊಳ್ಳುವುದೇನೂ ಇಲ್ಲ.

ಹೆಣ್ಣುಮಕ್ಕಳ ತಾಯ್ತಂದೆಯರಿಗೂ ಒಂದು ಮಾತು. 1990ರಲ್ಲಿ ಸ್ಯಾಲಿ ಶೇವಿಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗಳು ಗುರುತಿಸಿದ್ದ ಮಕ್ಕಳಲ್ಲಿ ಹುಡುಗರು ಎರಡರಿಂದ ನಾಲ್ಕು ಪಟ್ಟು ಹೆಚ್ಚಿದ್ದರು. ಸಂಶೋಧಕರು ತಾವೇ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಆ ಅಂತರ ಬಹುಮಟ್ಟಿಗೆ ಕರಗಿತು. ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗಿ ಯಾರ ಗಮನಕ್ಕೂ ಬರುವುದಿಲ್ಲ.

ಪ್ರಶ್ನೆ: ಶಿಕ್ಷಕರ ತರಬೇತಿಯೊಂದರಲ್ಲಿ, ಮಕ್ಕಳನ್ನು ಎಡಮಿದುಳಿನವರು, ಬಲಮಿದುಳಿನವರು ಎಂದೂ, ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದೂ ವಿಂಗಡಿಸಿ ಪಾಠ ಮಾಡಬೇಕೆಂದು ಹೇಳಿದರು, ಮಿದುಳಿನ ಬಣ್ಣದ ಚಿತ್ರಗಳನ್ನೂ ತೋರಿಸಿದರು. ಇದೇ ನರವಿಜ್ಞಾನವೇ? ನರವಿಜ್ಞಾನದಿಂದ ಶಿಕ್ಷಣಕ್ಕೆ ನಿಜವಾಗಿ ಆಗುವ ಪ್ರಯೋಜನವೇನು?

ಉತ್ತರ: ನೀವು ಕೇಳಿದ್ದು ನರವಿಜ್ಞಾನವಲ್ಲ. ಆದರೆ ಅದನ್ನು ನಂಬಿದ ಶಿಕ್ಷಕರು ಬಹಳ. ಸಾನೆ ಡೆಕ್ಕರ್ ಮತ್ತು ಇತರರು ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 242 ಶಿಕ್ಷಕರನ್ನು ಪ್ರಶ್ನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಕಲಿಕಾ ಶೈಲಿಗೆ ತಕ್ಕಂತೆ ಕಲಿಸಿದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆಂದು ನಂಬಿದ್ದರು. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಲಭ್ಯ ಸಂಶೋಧನೆಗಳನ್ನು ಜಾಲಾಡಿ ಅದಕ್ಕೆ ತಕ್ಕ ಸಾಕ್ಷ್ಯವಿಲ್ಲವೆಂದು ಹೇಳಿದ್ದರು. ಎಡಬಲಗಳ ಮಾತೂ ಹಾಗೆಯೇ. ಭಾಷೆಯ ಕೆಲಸ ಎಡಕ್ಕೆ ವಾಲಿರುವುದು ನಿಜ, ಆದರೆ ಮಕ್ಕಳಲ್ಲಿ ಎಡಮಿದುಳಿನವರು, ಬಲಮಿದುಳಿನವರು ಎಂಬ ಎರಡು ಜಾತಿಗಳಿಲ್ಲ. ಓದಿನ ತೊಂದರೆಯ ಮಗುವಿಗೆ ಇದರಿಂದ ನೇರ ಹಾನಿಯೂ ಇದೆ. ‘ಇವನು ನೋಡಿ ಕಲಿಯುವವನು’ ಎಂದು ಧ್ವನಿಯ ಪಾಠವನ್ನು ಬಿಟ್ಟು ಪದಗಳ ಚಿತ್ರಪಟ ತೋರಿಸುತ್ತ ಹೋದರೆ, ಅವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದುದನ್ನೇ ಕಿತ್ತುಕೊಂಡಂತಾಗುತ್ತದೆ. ಮಿದುಳಿನ ಹೆಸರೆತ್ತಿದ ಮಾತ್ರಕ್ಕೆ ವಿವರಣೆ ಗಟ್ಟಿಯೆನಿಸುವುದೂ ಉಂಟು. ಡೀನಾ ವೈಸ್‌ಬರ್ಗ್ ಅವರ 2008ರ ಪ್ರಯೋಗದಲ್ಲಿ, ಸಂಬಂಧವೇ ಇಲ್ಲದ ನರವಿಜ್ಞಾನದ ಒಂದು ವಾಕ್ಯವನ್ನು ಸೇರಿಸಿದಾಗ ಸಾಮಾನ್ಯ ಓದುಗರಿಗೆ ಕೆಟ್ಟ ವಿವರಣೆಯೂ ತೃಪ್ತಿಕರವಾಗಿ ಕಂಡಿತು.

ಜಾನ್ ಬ್ರೂಯರ್ ಅವರು 1997ರಲ್ಲಿ ಎತ್ತಿದ ಆಕ್ಷೇಪವನ್ನು ನಾನು ಇಂದಿಗೂ ಒಪ್ಪುತ್ತೇನೆ. ನರಕೋಶಗಳ ಅಧ್ಯಯನದಿಂದ ತರಗತಿಗೆ ನೇರ ಸೇತುವೆ ಕಟ್ಟಲಾಗದು, ನಡುವೆ ಮನಃಶಾಸ್ತ್ರದ ನೆಲದ ಮೇಲೆ ಕಾಲೂರಿಯೇ ಹೋಗಬೇಕು ಎಂಬುದು ಅವರ ವಾದ. ಒಂದು ಪಾಠಕ್ರಮ ಫಲಿಸಿತೇ ಎಂಬುದನ್ನು ಮಗು ಓದಿತೇ ಎಂದು ನೋಡಿಯೇ ತೀರ್ಮಾನಿಸಬೇಕು, ಮಿದುಳಿನ ಯಾವ ಭಾಗ ಬೆಳಗಿತು ಎಂದು ನೋಡಿ ಅಲ್ಲ.

ಹಾಗಿದ್ದರೂ ಪ್ರಯೋಜನವಿದೆ, ಅದು ಸಣ್ಣದೂ ಅಲ್ಲ. ಬುದ್ಧಿಮತ್ತೆ ಹೆಚ್ಚಿದ್ದು ಓದು ಬಾರದಿದ್ದರೆ ಮಾತ್ರ ಡಿಸ್ಲೆಕ್ಸಿಯಾ, ಬುದ್ಧಿಮತ್ತೆಯೂ ಕಡಿಮೆಯಿದ್ದರೆ ಅದು ಬರಿಯ ಹಿಂದುಳಿದಿರುವಿಕೆ ಎಂಬ ನಿಯಮ ಅನೇಕ ಕಡೆ ದಶಕಗಳ ಕಾಲ ಜಾರಿಯಲ್ಲಿತ್ತು. ಎರಡನೆಯ ಗುಂಪಿನ ಮಕ್ಕಳಿಗೆ ನೆರವು ಸಿಗುತ್ತಿರಲಿಲ್ಲ. ಹಿರೊಕೊ ತನಾಕಾ, ಫುಮಿಕೊ ಹೋಫ್ಟ್ ಮೊದಲಾದವರು 2011ರಲ್ಲಿ ಈ ಎರಡೂ ಗುಂಪಿನ ಮಕ್ಕಳಿಗೆ ಪ್ರಾಸ ಗುರುತಿಸುವ ಕೆಲಸ ಕೊಟ್ಟು ನೋಡಿದಾಗ, ಮಿದುಳಿನ ಎಡಭಾಗದ ಅದೇ ಪ್ರದೇಶಗಳಲ್ಲಿ ಅದೇ ಬಗೆಯ ಇಳಿಕೆ ಎರಡೂ ಗುಂಪಿನಲ್ಲಿ ಕಂಡಿತು. ವರ್ತನೆಯ ಅಧ್ಯಯನಗಳು ಮೊದಲೇ ಹೇಳುತ್ತಿದ್ದುದಕ್ಕೆ ಇದು ಬಲವಾದ ಸಾಕ್ಷಿಯಾಯಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯಲ್ಲಿ ಆ ಹಳೆಯ ನಿಯಮವನ್ನು ಕೈಬಿಡಲಾಯಿತು. ಲಕ್ಷಾಂತರ ಮಕ್ಕಳ ಬದುಕನ್ನು ಮುಟ್ಟುವ ಬದಲಾವಣೆಯಿದು.

ಇನ್ನೊಂದು ಉದಾಹರಣೆಯನ್ನು ನಿಮ್ಮ ತರಗತಿಗೆ ಹತ್ತಿರವಾದುದೆಂದು ಹೇಳುತ್ತೇನೆ. 2015ರಲ್ಲಿ ಯೂಲಿಯಾ ಯೊಂಚೆವಾ, ಬ್ರೂಸ್ ಮೆಕ್‌ಕ್ಯಾಂಡ್ಲಿಸ್ ಮತ್ತು ಜೆಸಿಕಾ ವೈಸ್ ಅವರು ಹೊಸದಾಗಿ ಸೃಷ್ಟಿಸಿದ ಲಿಪಿಯೊಂದನ್ನು ವಯಸ್ಕರಿಗೆ ಎರಡು ರೀತಿಯಲ್ಲಿ ಕಲಿಸಿದರು: ಕೆಲವು ಪದಗಳನ್ನು ಅಕ್ಷರ ಮತ್ತು ಧ್ವನಿಯ ಸಂಬಂಧಕ್ಕೆ ಗಮನ ಕೊಟ್ಟು, ಇನ್ನು ಕೆಲವನ್ನು ಇಡೀ ಆಕಾರವನ್ನೇ ನೆನಪಿಟ್ಟುಕೊಳ್ಳುವಂತೆ. ಬಳಿಕ ಮಿದುಳಿನ ವಿದ್ಯುತ್ ಸ್ಪಂದನವನ್ನು ಅಳೆದಾಗ, ಮೊದಲ ರೀತಿಯಲ್ಲಿ ಕಲಿತ ಪದಗಳಿಗೆ ನುರಿತ ಓದುಗರಲ್ಲಿ ಕಾಣುವಂತೆ ಎಡಭಾಗ ಸ್ಪಂದಿಸಿತು, ಎರಡನೆಯ ರೀತಿಯಲ್ಲಿ ಕಲಿತವಕ್ಕೆ ಬಲಭಾಗ. ಕಲಿಸುವವರು ವಿದ್ಯಾರ್ಥಿಯ ಗಮನವನ್ನು ಎತ್ತ ತಿರುಗಿಸುತ್ತಾರೆಂಬುದು ಮಿದುಳು ಹಿಡಿಯುವ ದಾರಿಯನ್ನೇ ಬದಲಿಸುತ್ತದೆ.

ಪ್ರಶ್ನೆ: ಡಿಸ್ಲೆಕ್ಸಿಯಾ ಇರುವವರಿಗೆ ಬೇರೊಂದು ವಿಶೇಷ ಪ್ರತಿಭೆ ಇದ್ದೇ ಇರುತ್ತದಂತೆ, ಹೌದೇ?

ಉತ್ತರ: ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಪ್ರತಿಭಾವಂತರು ಅವರಲ್ಲೂ ಇದ್ದಾರೆ, ಎಲ್ಲರಲ್ಲೂ ಇರುವಂತೆ. ವಿಶೇಷ ಪ್ರತಿಭೆ ಇಲ್ಲದ ಮಗುವಿಗೂ ಓದು ಕಲಿಯುವ ಹಕ್ಕಿದೆ.

ಪ್ರಶ್ನೆ: ನನಗೆ ನಲವತ್ತು ದಾಟಿದೆ. ಶಾಲೆಯಲ್ಲಿ ದಡ್ಡನೆನಿಸಿಕೊಂಡೆ, ಈಗಲೂ ಒಂದು ಪತ್ರ ಓದಲು ಬಹಳ ಹೊತ್ತು ಬೇಕು. ನಿಮ್ಮ ಲೇಖನ ಓದಿದಾಗ ನನ್ನ ಕಥೆಯನ್ನೇ ಓದಿದಂತಾಯಿತು. ಈ ವಯಸ್ಸಿನಲ್ಲಿ ಮಿದುಳು ಬದಲಾಗುತ್ತದೆಯೇ? ನನ್ನ ಮಗಳಿಗೆ ನಾಲ್ಕು ವರ್ಷ, ಅವಳಿಗೂ ಇದು ಬರುತ್ತದೆಯೇ?

ಉತ್ತರ: ನಿಮ್ಮನ್ನು ದಡ್ಡರೆಂದವರು ತಪ್ಪು ಹೇಳಿದರು. ಬದಲಾವಣೆಯ ವಿಷಯ: ಎಲಿಜಬೆತ್ ಹ್ಯೂಬರ್, ಜೇಸನ್ ಯೇಟ್‌ಮನ್ ಮತ್ತು ಸಂಗಡಿಗರ 2018ರ ಅಧ್ಯಯನದಲ್ಲಿ, ಓದಿನ ತೊಂದರೆಯಿದ್ದ 7ರಿಂದ 12 ವರ್ಷದ ಮಕ್ಕಳಿಗೆ ಎಂಟು ವಾರ, ದಿನಕ್ಕೆ ನಾಲ್ಕು ಗಂಟೆ ಒಬ್ಬೊಬ್ಬರಿಗೇ ಪಾಠ ಮಾಡಿದಾಗ, ಮಿದುಳಿನ ಭಾಗಗಳನ್ನು ಜೋಡಿಸುವ ನಾರುಗಳ ಗುಣದಲ್ಲೇ ವಾರಗಳೊಳಗೆ ಬದಲಾವಣೆ ಕಂಡಿತು. ಅವರು ಮಕ್ಕಳು, ನಿಜ. ಆದರೆ ಮೇಲೆ ಹೇಳಿದ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ಅಧ್ಯಯನದಲ್ಲಿ ದೊಡ್ಡವರಾದ ಮೇಲೆ ಓದು ಕಲಿತವರ ಮಿದುಳಿನಲ್ಲೂ ಅದೇ ನೆಲೆ ಅಕ್ಷರಗಳಿಗೆ ಸ್ಪಂದಿಸಲು ಕಲಿತಿತ್ತು. ಬಾಗಿಲು ಮುಚ್ಚಿಲ್ಲ. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮವಾಗಿ, ಒತ್ತಕ್ಷರಗಳವರೆಗೆ, ಮತ್ತೆ ಕಲಿಸುವ ಶಿಕ್ಷಕರು ಸಿಕ್ಕಿದರೆ ವಯಸ್ಕರಿಗೂ ನಿಖರತೆ ಹೆಚ್ಚುತ್ತದೆ. ವೇಗ ಅಷ್ಟು ಸುಲಭವಾಗಿ ಬರುವುದಿಲ್ಲವೆಂಬುದನ್ನೂ ನೀವು ತಿಳಿದಿರಬೇಕು. ಬಾಲ್ಯದಿಂದ ಓದದೆ ಉಳಿದ ಪುಟಗಳ ಅಭ್ಯಾಸವನ್ನು ಕೆಲವು ತಿಂಗಳಲ್ಲಿ ತುಂಬಲಾಗದು. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಮೊಬೈಲ್ ಆ್ಯಪ್‌ಗಳನ್ನು, ಆಡಿಯೊ ಪುಸ್ತಕಗಳನ್ನು ಸಂಕೋಚವಿಲ್ಲದೆ ಬಳಸಿ, ಕೇಳುತ್ತಲೇ ಕಣ್ಣಿನಿಂದ ಸಾಲನ್ನು ಹಿಂಬಾಲಿಸಿ.

ಮಗಳ ವಿಷಯ: ತಂದೆಗೋ ತಾಯಿಗೋ ಡಿಸ್ಲೆಕ್ಸಿಯಾ ಇದ್ದರೆ, ಅಂಥ ಹತ್ತು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಅದು ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ಈಗಲೇ ಅವಳಿಗೆ ಕಥೆ ಓದಿ ಹೇಳಿ; ನಿಮಗೆ ಓದುವುದು ಕಷ್ಟವಾದರೆ ಬಾಯಿಂದ ಹೇಳಿದರೂ ಅವಳ ಭಾಷೆ ಬೆಳೆಯುತ್ತದೆ. ಪ್ರಾಸದ ಆಟ, ಪದದ ಮೊದಲ ಧ್ವನಿಯನ್ನು ಗುರುತಿಸುವ ಆಟಗಳನ್ನು ಆಡಿ, ಅಕ್ಷರ ಕಲಿಯುವಾಗ ಹೆಸರಿನ ಜೊತೆಗೆ ಧ್ವನಿಯನ್ನೂ ಹೇಳಿಸಿ. ಶಾಲೆಗೆ ಸೇರಿಸುವ ದಿನವೇ ನಿಮ್ಮ ಓದಿನ ತೊಂದರೆಯ ವಿಷಯವನ್ನು ಅವಳ ಶಿಕ್ಷಕರಿಗೆ ತಿಳಿಸಿ, ಮೊದಲ ತರಗತಿಯ ನಡುವಿನಲ್ಲೇ ಅವಳ ಅಕ್ಷರಜ್ಞಾನವನ್ನು ಒಮ್ಮೆ ಪರೀಕ್ಷಿಸುವಂತೆ ಕೇಳಿಕೊಳ್ಳಿ.